ಕೆಂಪು ಹಕ್ಕಿಯ ಊಟ, ನಮ್ಮ ಇಂಜೆಕ್ಷನ್ನು

ಏಪ್ರಿಲ್-ಮೇ ತಿಂಗಳಲ್ಲಿ ಬೀಚಿಗೆ ಹೊರಡುವ ನಮ್ಮವರ ಕಾರಿನಲ್ಲಿ ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಇದ್ದೇ ಇರುತ್ತವೆ. ಜೊತೆಗೊಂದು ಬೈನಾಕ್ಯುಲರ್ ಇಟ್ಟುಕೊಳ್ಳಿ. ವಾಷಿಂಗ್ಟನ್ ಕಡೆಯವರಿಗೆ ಡೆಲವೇರ್ ಕೊಲ್ಲಿಯಲ್ಲಿ, ಕೆರೊಲಿನಾ-ಅಟ್ಲಾಂಟಾದವರಿಗೆ ಚಾರ್ಲ್ಸ್‌ಟನ್ ಬಳಿಯ ಕಿಯಾವಾ ದ್ವೀಪದಲ್ಲಿ ರೆಡ್ ನಾಟ್ ಹಕ್ಕಿಯ ದರ್ಶನವಾದೀತು. ನಮ್ಮೂರಿನ ಗದ್ದೆಗೊರವದ ದಾಯಾದಿ. ಎದೆ ಇಟ್ಟಿಗೆ ಬಣ್ಣ.

ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರ್ರಾ ಡೆಲ್ ಫ್ಯೂಗೊದಿಂದ ಕೆನಡಾದ ಆರ್ಕ್ಟಿಕ್‌ವರೆಗೆ ಇದರ ವಾರ್ಷಿಕ ವಲಸೆ. ಒಂದು ದಿಕ್ಕಿಗೇ ಸುಮಾರು 15,000 ಕಿಲೋಮೀಟರು. (ನಾವೋ, ಬೆಂಗಳೂರಿಗೆ ಹೋಗಿಬಂದು ಹತ್ತು ದಿನ ಜೆಟ್ ಲ್ಯಾಗ್ ಎಂದು ನರಳುತ್ತೇವೆ!) ವೈದ್ಯನಾದ ನನಗೆ ಬೆರಗು ಹುಟ್ಟಿಸುವುದು ಇದರ ಹೊಟ್ಟೆ. ದೀರ್ಘ ಹಾರಾಟಕ್ಕೆ ಮುನ್ನ ಆಹಾರ ಅರೆಯುವ ಜಠರವೇ ಕುಗ್ಗಿಬಿಡುತ್ತದೆ. ಹಾಗಾಗಿ ಇಳಿದಾಗ ಚಿಪ್ಪಿನ ಹುಳುಹುಪ್ಪಟೆ ಅರಗದು, ಮೆತ್ತಗಿನ ತಿನಿಸೇ ಬೇಕು. ಸರಿಯಾಗಿ ಅದೇ ಹೊತ್ತಿಗೆ, ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರದಲ್ಲಿ, ಹಾರ್ಸ್‌ಶೂ ಕ್ರ್ಯಾಬ್‌ಗಳು ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಡೆಲವೇರ್ ಕೊಲ್ಲಿಯಲ್ಲಿ ಹಕ್ಕಿ ಎರಡು ವಾರ ಅದನ್ನೇ ತಿಂದು ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತದೆ.

ಕುದುರೆ ಲಾಳದಂತಿರುವ ಈ ಪ್ರಾಣಿ ಹೆಸರಿಗೆ ಏಡಿ, ವಂಶದಲ್ಲಿ ಜೇಡಕ್ಕೆ ಹತ್ತಿರ. ತಾಮ್ರದ ಅಂಶದಿಂದಾಗಿ ರಕ್ತ ನೀಲಿ. ಬ್ಯಾಕ್ಟೀರಿಯಾದ ವಿಷ ಲವಲೇಶ ಸೋಕಿದರೂ ಅದು ಹೆಪ್ಪುಗಟ್ಟುತ್ತದೆ. ಹಿಂದೆ ಇಂಜೆಕ್ಷನ್ ಔಷಧಿ ಶುದ್ಧವೇ ಎಂದು ತಿಳಿಯಲು ಮೊಲಕ್ಕೆ ಚುಚ್ಚಿ, ಜ್ವರ ಬರುವುದೇ ಎಂದು ಕಾಯುತ್ತಿದ್ದರು. 1977ರಲ್ಲಿ ಎಫ್‌ಡಿಎ ಈ ನೀಲಿ ರಕ್ತದ ಪರೀಕ್ಷೆಯನ್ನು ಒಪ್ಪಿತು. ನಿಮಗೆ ಕೊಟ್ಟ ಲಸಿಕೆ, ಏರಿಸಿದ ಸಲೈನು, ಅಮ್ಮನ ಮೊಣಕಾಲಿಗೆ ಹಾಕಿದ ಇಂಪ್ಲಾಂಟು, ಎಲ್ಲದರ ಹಿಂದೆಯೂ ಈ ಬಡಪಾಯಿಯ ಋಣವಿರಬಹುದು.

1990ರ ದಶಕದಲ್ಲಿ ಮೀನುಗಾರರು ಗಾಳದ ಆಹಾರಕ್ಕೆಂದು ಇವನ್ನು ವಿಪರೀತ ಹಿಡಿದರು. ಮೊಟ್ಟೆ ಕಡಿಮೆಯಾಯಿತು, ಹಕ್ಕಿಯೂ ಕ್ಷೀಣಿಸಿತು. ನ್ಯೂಜೆರ್ಸಿ 2008ರಲ್ಲಿ ಬೇಟೆ ನಿಲ್ಲಿಸಿತು. 2014ರಲ್ಲಿ ಕೇಂದ್ರ ಸರ್ಕಾರ ರೆಡ್ ನಾಟನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಔಷಧಿ ಕಂಪನಿಗಳಿಗಾಗಿ ಹಿಡಿದ ಏಡಿಗಳನ್ನು ರಕ್ತ ತೆಗೆದು ಸಮುದ್ರಕ್ಕೆ ಬಿಡುತ್ತಾರೆ ನಿಜ. ಆದರೆ ಅವುಗಳಲ್ಲಿ ಶೇಕಡಾ 15ರಷ್ಟು ಸಾಯುತ್ತವೆಂಬುದು ಅಟ್ಲಾಂಟಿಕ್ ರಾಜ್ಯಗಳ ಮೀನುಗಾರಿಕಾ ಆಯೋಗವೇ ಬಳಸುವ ಅಂದಾಜು. ಅದೇ ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸುವ ವಿದ್ಯೆ ಸಿಂಗಪುರದ ವಿಜ್ಞಾನಿಗಳಿಂದ ಬಂದು ದಶಕಗಳಾದವು. ಅಮೆರಿಕದ ಫಾರ್ಮಕೋಪಿಯಾದಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ. ಇಷ್ಟು ತಡವಾಗಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಬೀಚಿನಲ್ಲಿ ಹಕ್ಕಿಗಳ ಹಿಂಡು ಕಂಡರೆ ಮಕ್ಕಳನ್ನೂ ನಾಯಿಯನ್ನೂ ಅತ್ತ ಓಡಲು ಬಿಡಬೇಡಿ. ಊಟ ಬಿಟ್ಟು ಎದ್ದ ಹಕ್ಕಿಗೆ ಮುಂದಿನ ಹಾರಾಟ ಕಷ್ಟ. ಏಡಿ ಅಂಗಾತ ಬಿದ್ದು ಒದ್ದಾಡುತ್ತಿದ್ದರೆ ಚಿಪ್ಪಿನ ಅಂಚು ಹಿಡಿದು ಮೆಲ್ಲಗೆ ಮಗುಚಿ. ಬಾಲ ಹಿಡಿದು ಎತ್ತಬೇಡಿ, ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ.