ರಾತ್ರಿ ಒಂಬತ್ತರ ಗೇಟು

ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ತೆಗೆಯಬೇಕೆಂಬ ಕೂಗು ಕೆಲವು ವರ್ಷಗಳಿಗೊಮ್ಮೆ ಏಳುತ್ತದೆ, ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಈಚೆಗೆ ಫೋನಿನಲ್ಲಿ, "ಸಾರ್, ಶುಕ್ರವಾರ ಕೆಲಸ ಮುಗಿಸಿ ಹೊರಟರೆ ವಯನಾಡಿಗೆ ಹೋಗೋಕೇ ಆಗಲ್ಲ. ತೆರಿಗೆ ಕಟ್ಟೋರು ನಾವು, ರಸ್ತೆ ಮಾತ್ರ ಆನೆಗೆ! ಇದ್ಯಾವ ನ್ಯಾಯ?" ಎಂದು ಕೇಳಿದ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗ ಈಗಲಾದರೂ ಪ್ರಶ್ನೆ ಕೇಳಿದನಲ್ಲ ಎಂದು ನನಗೆ ಸಂತೋಷವೇ ಆಯಿತು. ಅದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಹಲವರಿಗೆ ಇರಬಹುದು.

ಈ ನಿಷೇಧ ಬಂದದ್ದು 2009ರಲ್ಲಿ, ಚಾಮರಾಜನಗರದ ಜಿಲ್ಲಾಧಿಕಾರಿಗಳ ಆದೇಶದಿಂದ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಕಾಡಿನ ರಸ್ತೆಯಲ್ಲಿ ವಾಹನಗಳಿಲ್ಲ. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ ತಡೆಯಿಲ್ಲ, ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೂ ಅನುಮತಿಯಿದೆ. ಇದನ್ನು ಮರೆತು, ರೋಗಿಗಳು ಗೇಟಿನ ಬಳಿ ಸಾಯುತ್ತಿದ್ದಾರೆ ಎಂಬಂತೆ ಮಾತನಾಡುವವರನ್ನು ಕಂಡಿದ್ದೇನೆ.

ಕಳೆದ ಆಷಾಢದಲ್ಲಿ ಮಗಳು, ಅಳಿಯ, ಮೊಮ್ಮಗಳ ಜೊತೆ ಒಂದು ದಿನದ ಮಟ್ಟಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಬೊಮ್ಮನಹಳ್ಳಿಯಿಂದ ನಾಲ್ಕು ಗಂಟೆಗೇ ಹೊರಟು, ನೈಸ್ ರಸ್ತೆ ಹಿಡಿದು, ಮೈಸೂರು, ನಂಜನಗೂಡು ದಾಟಿ ಗುಂಡ್ಲುಪೇಟೆ ಸೇರುವಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ದಾರಿಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಒಳಗೆ ನಿಂತು ಫೋಟೋ ತೆಗೆಸಿಕೊಳ್ಳುವ ಕೇರಳದ ಕುಟುಂಬಗಳು. ಹಂಗಳದ ಬಳಿ ತಿರುಗಿ ಬೆಟ್ಟದ ಬುಡಕ್ಕೆ ಹೋದರೆ ಸ್ವಂತ ವಾಹನವನ್ನು ಅಲ್ಲೇ ಬಿಡಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಅಳಿಯ ಗೊಣಗಿದರು. ಆದರೆ 1454 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಮಂಜು ಸರಿದಾಗ ಎದುರಿನ ಹುಲ್ಲಿನ ಇಳಿಜಾರಿನಲ್ಲಿ ತಾಯಿ ಆನೆ, ಅದರ ಕಾಲ ಸಂದಿನಲ್ಲಿ ಮರಿ, ಹಿಂದೆ ಇನ್ನೂ ಮೂರು ಆನೆಗಳು ಕಂಡವು. ಒಂದು ಹಾರ್ನ್ ಇಲ್ಲ, ಒಂದು ಕೇಕೆ ಇಲ್ಲ. ಬಸ್ಸಿನಲ್ಲಿ ಬಂದ ಜನ ತಾವಾಗಿಯೇ ಮೌನವಾಗಿದ್ದರು. ನೂರು ಕಾರು ಹತ್ತಿ ಬಂದಿದ್ದರೆ ಆ ಮೌನ ಸಿಗುತ್ತಿತ್ತೆ?

ಮಧ್ಯಾಹ್ನ ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಗೇಟು ದಾಟಿ ಬಂಡೀಪುರದವರೆಗೆ ಹೋಗಿ ಬಂದೆವು. ಅಲ್ಲಿ ಕಂಡ ನೋಟ ಬೇರೆಯೇ. ಮುಸುವಗಳು ಮರದ ಮೇಲಿಂದ ಚಿಗುರು ಉದುರಿಸುತ್ತಿದ್ದವು, ಕೆಳಗೆ ಜಿಂಕೆಗಳು ಅದನ್ನು ಮೇಯುತ್ತಿದ್ದವು. ಹುಲಿ ಬಂದರೆ ಮೇಲಿನವರು ಕೂಗಿ ತಿಳಿಸುತ್ತಾರೆ. ಹಳೆಯ ಸಹಕಾರ ಪದ್ಧತಿ, ಯಾವ ಇಲಾಖೆಯ ನೋಂದಣಿಯೂ ಬೇಡ! ಸ್ವಲ್ಪ ಮುಂದೆ ಒಂಟಿ ಕಾಟಿ, ಮೊಣಕಾಲವರೆಗೆ ಬಿಳಿಯ ಕಾಲುಚೀಲ ಹಾಕಿದಂತೆ, ರಸ್ತೆ ದಾಟಲು ನಿಂತಿತ್ತು. ನಾವು ದೂರದಲ್ಲೇ ನಿಂತೆವು. ಹಿಂದಿನಿಂದ ಬಂದ ಕಾರೊಂದು ನಮ್ಮನ್ನು ಹಿಂದೆ ಹಾಕಿ ಅದರ ಮುಂದೆಯೇ ನಿಂತಿತು. ಇಬ್ಬರು ತರುಣರು ಇಳಿದು ಮೊಬೈಲ್ ಎತ್ತಿದರು. ಅದು ಒಮ್ಮೆ ತಲೆ ಕೊಡವಿ ಬಂದ ದಾರಿಯಲ್ಲೇ ಲಂಟಾನದ ಪೊದೆಯೊಳಗೆ ಹಿಂದಿರುಗಿತು. ಮೊಮ್ಮಗಳು, "ತಾತ, ಅದಕ್ಕೆ ಆ ಕಡೆ ಏನೋ ಕೆಲಸ ಇತ್ತಲ್ವಾ?" ಎಂದಳು. ಕೆಲಸವಿತ್ತು. ನೀರೋ, ಹುಲ್ಲೋ, ತನ್ನ ಹಿಂಡೋ.

ಹಾಡಹಗಲಿನಲ್ಲೇ ಹೀಗಾದರೆ ರಾತ್ರಿಯ ಮಾತೇನು? 2025ರ ಆಗಸ್ಟಿನಲ್ಲಿ ಇದೇ ಬಂಡೀಪುರದಲ್ಲಿ ಆನೆಯೊಡನೆ ಸೆಲ್ಫಿಗೆ ಹೋದವರೊಬ್ಬರು ಅದರ ಕಾಲಡಿ ಸಿಕ್ಕೂ ಬದುಕಿದರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಹಗಲಿನಲ್ಲಿ ದಂಡ ಹಾಕಲು ನೋಡುವ ಕಣ್ಣುಗಳಾದರೂ ಇರುತ್ತವೆ. ಕತ್ತಲಲ್ಲಿ ಕಡವೆಯ ಕಣ್ಣಿಗೆ ದೀಪ ಬಿದ್ದರೆ ಅದು ಓಡುವುದಿಲ್ಲ, ನಿಂತುಬಿಡುತ್ತದೆ. ಎಂಬತ್ತರ ವೇಗದಲ್ಲಿ ಬರುವ ಲಾರಿಗೆ ಅಷ್ಟು ಸಾಕು. ಬಂಡೀಪುರವೆಂದರೆ ಒಂದು ತುಂಡು ಕಾಡಲ್ಲ. ನಾಗರಹೊಳೆ, ವಯನಾಡು, ಮುದುಮಲೈಗಳ ಜೊತೆ ಬೆಸೆದ ಒಂದೇ ಮನೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಆ ಮನೆಯ ನಡುಮನೆಯಲ್ಲಿ ನಮ್ಮ ಹೆದ್ದಾರಿ ಇದೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಹದಿನೈದು ನಮಗೆ, ಒಂಬತ್ತು ಅವಕ್ಕೆ. ಲೆಕ್ಕದ ಮೇಷ್ಟರಾಗಿ ಹೇಳುತ್ತೇನೆ, ಈ ಭಾಗಾಕಾರದಲ್ಲಿ ನಷ್ಟವಾದದ್ದು ನಮಗಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರಿನವರ ಅನುಕೂಲಕ್ಕೆ ಅಕ್ಕಪಕ್ಕದ ಹಳ್ಳಿಯ ರೈತ ಸುತ್ತಿ ಹೋಗಬಹುದು; ಕಾಡಿನ ಅನುಕೂಲಕ್ಕೆ ಕಾರಿನವರು ಕಾಯಬಾರದು!

ಕಾಡು ಎಲ್ಲೋ ದೂರದ್ದು, ನಮಗೇಕೆ ಎನ್ನುವವರಿಗೆ ಒಂದು ಮಾತು. ನಾನು ಈ ಬೊಮ್ಮನಹಳ್ಳಿಗೆ ವರ್ಗವಾಗಿ ಬಂದಾಗ ಬೇಗೂರಿನ ದಿಕ್ಕಿನಲ್ಲೆಲ್ಲ ರಾಗಿ ಹೊಲಗಳಿದ್ದವು, ರಾತ್ರಿ ನರಿಯ ಊಳು ಕೇಳುತ್ತಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಕಡೆ ಚಿರತೆಯೊಂದು ಕಾಣಿಸಿಕೊಂಡದ್ದು ನಿಮಗೆ ನೆನಪಿರಬೇಕು. ನಾಲ್ಕೈದು ದಿನ ನಾವೆಲ್ಲ ಸಂಜೆಯ ವಾಕಿಂಗ್ ಬಿಟ್ಟು ಬಾಗಿಲು ಹಾಕಿಕೊಂಡಿದ್ದೆವು. ಪಾಳುಕಟ್ಟಡದಲ್ಲಿ ಅಡಗಿದ್ದ ಅದು ಸೆರೆಹಿಡಿಯಲು ಹೋದವರ ಮೇಲೆ ಎರಗಿತು, ಗುಂಡು ತಗಲಿ ನವೆಂಬರ್ 1ರಂದು ಸತ್ತಿತು. ರಾಜ್ಯೋತ್ಸವದ ಬಾವುಟ ಹಾರಿಸಿ ಬಂದಿದ್ದ ನನಗೆ ಆ ದಿನ ಊಟ ರುಚಿಸಲಿಲ್ಲ. ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಅವರೂ ಪ್ರಾಣ ಒತ್ತೆಯಿಟ್ಟು ಹೋದವರು. ಆದರೆ ದಾರಿಗಳನ್ನೆಲ್ಲ ನಾವು ಮುಚ್ಚಿದ ಮೇಲೆ ಕೊನೆಗೆ ಉಳಿಯುವುದು ಇಂಥ ಪಾಳುಕಟ್ಟಡವೇ.

ವಯನಾಡಿನವರ ಕಷ್ಟ ಸುಳ್ಳಲ್ಲ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತರು. ಅವರ ವ್ಯಾಪಾರ, ಓದು, ನೆಂಟಸ್ತಿಕೆ ಎಲ್ಲವೂ ಮೈಸೂರಿನ ಕಡೆಗಿದೆ. ನಮ್ಮ ಗುಂಡ್ಲುಪೇಟೆಯ ತರಕಾರಿ ಬೆಳೆಗಾರನಿಗೂ ಕೇರಳದ ಮಾರುಕಟ್ಟೆಯೇ ಆಧಾರ. ಕಾಡಿನ ಮೇಲೆ ಅಲ್ಲಲ್ಲಿ ಎತ್ತರಿಸಿದ ಸೇತುವೆ ಕಟ್ಟುವ ಪ್ರಸ್ತಾಪವೂ 2018ರಲ್ಲಿ ಬಂದಿತ್ತು. ಕಂಬ ನೆಡುವ ವರ್ಷಗಳಲ್ಲಿ ಆನೆಗಳು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನನಗಂತೂ ಸಮಾಧಾನದ ಉತ್ತರ ದೊರೆತಿಲ್ಲ. ಅದಕ್ಕಿಂತ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂತವಾಡಿಗೆ ಹೋಗುವ ರಸ್ತೆ ಮೇಲು. ಸುತ್ತು ಹೌದು, ಲಾರಿಗೆ ಡೀಸೆಲ್ ಹೆಚ್ಚು ಬೇಕು. ಆ ಹೆಚ್ಚಿನ ಖರ್ಚಿನಲ್ಲಿ ಒಂದು ಪಾಲನ್ನು ತರಕಾರಿ ಬೆಳೆಗಾರನ ಹೆಗಲಿಗೆ ಬಿಡದೆ ಎರಡೂ ಸರ್ಕಾರಗಳು ಹೊರಲಿ, ಗೇಟು ಒಂಬತ್ತಕ್ಕೇ ಬೀಳಲಿ.