ಹೆದರಿಸುವ ತಿಂಡಿಯೂ ಹಲಾಲ್ ಆಗಲಿ, ತಯ್ಯಿಬ್ ಆಗಲಿ

ಅಕ್ಟೋಬರ್ ಕೊನೆಯಿಂದ ನವೆಂಬರ್ 14ರ ಮಕ್ಕಳ ದಿನಾಚರಣೆಯವರೆಗೆ ನಮ್ಮ ಶಾಲೆಗಳಲ್ಲಿ ಛದ್ಮವೇಷದ ಸಂಭ್ರಮ. ಮೊದಲೆಲ್ಲ ಗಾಂಧೀಜಿ, ಡಾಕ್ಟರು, ತರಕಾರಿ ಮಾರುವವಳು ಆಗುತ್ತಿದ್ದ ಮಕ್ಕಳು ಈಗ ಮೊಬೈಲಿನ ರೀಲ್ಸ್ ನೋಡಿ ದೆವ್ವ, ಬಾವಲಿ, ಜೇಡ ಆಗಬೇಕೆನ್ನುತ್ತಾರೆ. ತಿಂಡಿಯೂ ಅದಕ್ಕೆ ಹೊಂದಬೇಕಂತೆ. ಹ್ಯಾಲೋವೀನ್ ನಮಗೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹೇಳಲು ನಿಮ್ಮ ಮನೆಯ ಹಿರಿಯರೂ ಉಸ್ತಾದರೂ ಇದ್ದಾರೆ. ನನ್ನ ಚಿಂತೆ ಮಗುವಿನ ತಟ್ಟೆಯದು.

ಕುರ್‌ಆನ್ ಆಹಾರದ ವಿಷಯದಲ್ಲಿ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ತಯ್ಯಿಬ್ ಎಂದರೆ ಶುದ್ಧ, ಉತ್ತಮ. ಅಂಗಡಿಯಲ್ಲಿ 'ಇದು ಹಲಾಲಾ?' ಎಂದು ಕೇಳುವ ನಾವು 'ಇದು ತಯ್ಯಿಬಾ?' ಎಂದು ಕೇಳುವುದು ಅಪರೂಪ. ಪಾರ್ಟಿ ತಿಂಡಿಯಲ್ಲಿ ಈ ಎರಡು ಪ್ರಶ್ನೆಗಳನ್ನೂ ಕೇಳಲೇಬೇಕು.

ಮೊದಲು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿತು. ಪರೀಕ್ಷಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ನಿಷೇಧವಾಯಿತು. ಅಂಗಡಿಯವನಿಗೆ ಸರ್ಕಾರ ಬೇಡವೆಂದ ಬಣ್ಣವನ್ನು ನಾವು ಬಾಟಲಿಯಲ್ಲಿ ಕೊಂಡು ತಂದು 'ರಕ್ತ' ಎಂದು ಮಕ್ಕಳ ತಟ್ಟೆಗೆ ಸುರಿಯುವುದು ಯಾವ ನ್ಯಾಯ?

ಎರಡನೆಯದು ಹೊಗೆ. ಅದೇ ವರ್ಷ ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಸ್ಮೋಕ್ ಬಿಸ್ಕತ್ತು ತಿಂದ ಬಾಲಕ ನೋವಿನಿಂದ ಒದ್ದಾಡಿದ ದೃಶ್ಯವನ್ನು ನೀವೂ ನೋಡಿರಬಹುದು. ಆ ಹೊಗೆ ಬರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ. ಅದು ಹೊಟ್ಟೆ ಸೇರಿದರೆ ಒಳಗೆ ಸುಟ್ಟ ಗಾಯವಾಗುತ್ತದೆ, ಜಠರಕ್ಕೆ ತೂತೂ ಬೀಳಬಹುದು. ಹೊಗೆಯಾಡುವ ಯಾವುದೂ ಮಕ್ಕಳ ಬಾಯಿಗೆ ಬೇಡ.

ಮೂರನೆಯದು ಮಿಠಾಯಿ. ದೆವ್ವದಾಕಾರದ ಮಾರ್ಷ್‌ಮ್ಯಾಲೋ, ಹುಳುವಿನಂಥ ಗಮ್ಮಿಗಳಲ್ಲಿ ಹೆಚ್ಚಾಗಿ ಇರುವುದು ಜೆಲಟಿನ್. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಪೊಟ್ಟಣದ ಮೇಲಿನ ಕಂದು ತ್ರಿಕೋನ ಅದು ಮಾಂಸಾಹಾರವೆಂದು ಹೇಳುತ್ತದೆಯೇ ಹೊರತು ಯಾವ ಪ್ರಾಣಿಯದೆಂದು ಹೇಳುವುದಿಲ್ಲ. ಐಎನ್‌ಎಸ್ 120 ಎಂದಿದ್ದರೆ ಅದು ಕೀಟದಿಂದ ತೆಗೆದ ಕೆಂಪು ಬಣ್ಣ. ಅದರ ಹುಕುಂ ಏನೆಂದು ನಿಮ್ಮ ಉಲಮಾಗಳಲ್ಲಿ ಕೇಳಿ.

ಹಾಗಾದರೆ ಏನು ಮಾಡುವುದು? ಹೆದರಿಸುವ ಕೆಲಸವನ್ನು ಆಕಾರಕ್ಕೆ ಬಿಡಿ, ಬಣ್ಣಕ್ಕೆ ಬೇಡ. ನಮ್ಮ ಮಲೆನಾಡಿನ ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ.

ನೀರುದೋಸೆ ಹಿಟ್ಟನ್ನು ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಗೆ ತುಂಬಿ ಕಾದ ಕಾವಲಿಯ ಮೇಲೆ ಸುತ್ತಿಸುತ್ತಿ ಬಿಡಿ, ಜೇಡರ ಬಲೆ ಸಿದ್ಧ. ಜೊತೆಗೆ ಮನೆಯ ಕೋಳಿ ಸಾರು. ಒತ್ತು ಶಾವಿಗೆಯೇ ಮಾಟಗಾತಿಯ ಬಿಳಿ ಕೂದಲು. ಉಂಡೆಗಡುಬಿಗೆ ಎರಡು ಚಿಕ್ಕ ಗುಳಿ ಮಾಡಿ ಕಲೌಂಜಿ ಕಾಳು ತುಂಬಿದರೆ ಕಣ್ಣು ಬಿಟ್ಟ ದೆವ್ವ. ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯದೆ ಮೆಲ್ಲಗೆ ಬಿರುಕು ಬಿಡಿಸಿ, ಬೀಟ್ರೂಟ್ ಬೇಯಿಸಿದ ನೀರು ತಣಿದ ಮೇಲೆ ಅದರಲ್ಲಿ ಮುಳುಗಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಸುಲಿದಾಗ ಕೆಂಪು ನರಗಳು ಕಾಣುತ್ತವೆ. ಬೀಜ ತೆಗೆದ ಖರ್ಜೂರವನ್ನು ಉದ್ದಕ್ಕೆ ಸೀಳಿ ತಟ್ಟೆಯ ಅಂಚಿಗೆ ಹಚ್ಚಿ 'ರಕ್ತ ಕುಡಿದ ಇಂಬಳ' ಎನ್ನಿ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ನಡೆದ ಕಳಸ, ಮೂಡಿಗೆರೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ದೆವ್ವ ಬೇಕಿಲ್ಲ!

ಗಮ್ಮಿಯ ಬದಲು ರಮ್ಜಾನಿನಲ್ಲಿ ನಾವು ಮಾಡುವ ಚೈನಾ ಗ್ರಾಸ್ ಇದೆಯಲ್ಲ. ಅದು ಸಮುದ್ರದ ಪಾಚಿಯಿಂದ ಆದದ್ದು, ಜೆಲಟಿನ್ ಅಲ್ಲ. 10 ಗ್ರಾಂ ಚೈನಾ ಗ್ರಾಸನ್ನು ಒಂದು ಲೋಟ ನೀರಲ್ಲಿ ನೆನೆಸಿ, ಕುದಿಸಿ ಕರಗಿಸಿ, ಸಕ್ಕರೆ ಬೆರೆಸಿದ ಮೂರು ಲೋಟ ಬಿಸಿ ಹಾಲಿಗೆ ಸೇರಿಸಿ ತಟ್ಟೆಗೆ ತೆಳುವಾಗಿ ಹೊಯ್ಯಿರಿ. ಗಟ್ಟಿಯಾದ ಮೇಲೆ ಬಾವಲಿ, ಗೂಬೆಯ ಆಕಾರಕ್ಕೆ ಕತ್ತರಿಸಿ. ಕೆಂಪಿಗೆ ಬೀಟ್ರೂಟ್ ರಸ ಅಥವಾ ಮುರುಗಲ ಹಣ್ಣು, ನೇರಳೆಗೆ ಬಸಳೆಯ ಹಣ್ಣು ಸಾಕು. ಹುಳಿ ಹಣ್ಣಿನ ರಸವಾದರೆ ಹಾಲಿನ ಬದಲು ನೀರಲ್ಲೇ ಮಾಡಿ, ಇಲ್ಲವಾದರೆ ಹಾಲು ಒಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಗೋರಿಯಾಕಾರದ ಬಿಸ್ಕತ್ತು, ಬಿಳಿ ಹಿಟ್ಟಿನ ಪಟ್ಟಿ ಸುತ್ತಿ ಹೆಣದಂತೆ ಮಾಡುವ ಖೀಮಾ ರೋಲ್ ಬೇಡ. ಬಂದ ಮಕ್ಕಳಲ್ಲಿ ಒಬ್ಬರು ಮೊನ್ನೆಯಷ್ಟೇ ಅಜ್ಜನನ್ನು ಕಬರಸ್ಥಾನಕ್ಕೆ ಕಳಿಸಿಕೊಟ್ಟಿರಬಹುದು. ಕಫನ್ ನಮಗೆ ತಮಾಷೆಯ ವಸ್ತುವಲ್ಲ.

ಇನ್ನು ಎಚ್ಚರಿಕೆ. ಇಂಥ ತಿಂಡಿಗಳಲ್ಲಿ 'ಕಣ್ಣುಗುಡ್ಡೆ' ಎಂದು ಇಡೀ ದ್ರಾಕ್ಷಿ, ದುಂಡು ಮಿಠಾಯಿ ಇಡುತ್ತಾರೆ. ಐದು ವರ್ಷದೊಳಗಿನ ಮಗುವಿನ ಶ್ವಾಸನಾಳ ಮುಚ್ಚಲು ಒಂದು ದ್ರಾಕ್ಷಿ ಸಾಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಮೊಟ್ಟೆ, ಖರ್ಜೂರ, ಜೆಲ್ಲಿಯನ್ನು ಚಿಕ್ಕವರಿಗೆ ಸಣ್ಣಗೆ ಹೆಚ್ಚಿಕೊಡಿ, ಹಲ್ಲುಕಡ್ಡಿ ಚುಚ್ಚಬೇಡಿ. ವೇಷ ಹಾಕಿ ಓಡುತ್ತ ತಿನ್ನುವುದು ಬೇಡ. ಕುಳಿತು, ಬಿಸ್ಮಿಲ್ಲಾ ಹೇಳಿ, ಬಲಗೈಯಿಂದ ನಿಧಾನ ತಿನ್ನುವ ನಮ್ಮ ಅದಬ್ ಇಲ್ಲಿ ಜೀವ ಕಾಯುತ್ತದೆ. ತಿನ್ನುವ ಮೊದಲು ಮುಖವಾಡ ತೆಗೆಸಿ, ತುಟಿಯ ಬಣ್ಣ ಒರೆಸಿ, ಸೋಪು ಹಚ್ಚಿ ಕೈ ತೊಳೆಸಿ. ಮೊಟ್ಟೆ, ಮಾಂಸ, ಹಾಲಿನ ತಿಂಡಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಗಂಟಲಲ್ಲಿ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ, ಉಸಿರು ನಿಂತರೆ ಮುಂದಕ್ಕೆ ಬಾಗಿಸಿ ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಬಡಿಯಿರಿ. ಬರದಿದ್ದರೆ, ಮಗು ಒಂದು ವರ್ಷ ದಾಟಿದ್ದರೆ, ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಸಿಕ್ಕಿದ್ದು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಗಂಟೆಗಟ್ಟಲೆಯ ಘಟ್ಟದ ದಾರಿ. ಮೊದಲ ನಿಮಿಷಗಳಲ್ಲಿ ವೈದ್ಯರು ನೀವೇ.

ಮಕ್ಕಳು ಸ್ವಲ್ಪ ಹೆದರಲಿ, ಕಿರುಚಲಿ, ನಗಲಿ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ನಾವು ಹೆದರುವಂತಾಗದಿರಲಿ.