ಮೀನಿಗೊಂದು ಲಸಿಕಾ ನೀತಿ ಬೇಕು

ಹೊರಮಾವಿನ ಮೀನಂಗಡಿಯಲ್ಲಿ ರೋಹು, ಕಾಟ್ಲಾ ಕೊಳ್ಳುವ ಗ್ರಾಹಕ ಕಿವಿರಿನ ಬಣ್ಣ ನೋಡಿ ಮೀನಿನ ತಾಜಾತನವನ್ನು ಅಳೆಯಬಲ್ಲ. ಕೊಳದಲ್ಲಿದ್ದಾಗ ಅದಕ್ಕೆ ಯಾವ ಔಷಧಿ ಉಣಿಸಲಾಗಿತ್ತು ಎಂಬುದನ್ನು ಮಾತ್ರ ತಿಳಿಯಲಾರ.

ಏರೋಮೊನಾಸ್ ಹೈಡ್ರೊಫಿಲಾ ಸಿಹಿನೀರಿನಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ. ಕೊಳದಲ್ಲಿ ಮೀನು ಕಿಕ್ಕಿರಿದಾಗ, ನೀರು ಕೆಟ್ಟಾಗ ಅದು ಹುಣ್ಣು ಮತ್ತು ರಕ್ತಸ್ರಾವ ತಂದು ಮೀನನ್ನು ಕೊಲ್ಲುತ್ತದೆ. ಸಾಕಣೆದಾರನಿಗೆ ಕೈಗೆಟುಕುವ ಪರಿಹಾರ ಆ್ಯಂಟಿಬಯೋಟಿಕ್. ಅದರ ಲಾಭ ಅವನಿಗೆ. ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡರೆ ನಷ್ಟ ಸಮಾಜಕ್ಕೆ. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚ ಎನ್ನುತ್ತದೆ.

ಇದಕ್ಕೆ ಪರ್ಯಾಯ ಲಸಿಕೆ. ಮೂಳೆಮಜ್ಜೆಯ ಕೆಲಸವನ್ನು ಮೀನಿನಲ್ಲಿ ಮೂತ್ರಪಿಂಡದ ಮುಂಭಾಗ ನಿರ್ವಹಿಸುತ್ತದೆ. ಗುಲ್ಮವೂ ಜೊತೆಗೂಡಿ ಪ್ರತಿಕಾಯಗಳು ಸಿದ್ಧವಾಗುತ್ತವೆ. ಶೀತರಕ್ತದ ಜೀವಿಯಾದ್ದರಿಂದ ನೀರು ತಣ್ಣಗಿದ್ದರೆ ಈ ಸ್ಪಂದನ ನಿಧಾನ. ತೀರಾ ಎಳೆಯ ಮರಿಗಳಲ್ಲಿ ದುರ್ಬಲ. ಅಗ್ಗದ ಮರಿಗಳಿಗೆ ಒಂದೊಂದಾಗಿ ಚುಚ್ಚುಮದ್ದು ಕೊಡುವುದು ಗಿಟ್ಟದು. ಮೇವಿನಲ್ಲಿ ಬೆರೆಸಿದರೆ ಲಸಿಕೆ ಕರುಳಿನ ಹಿಂಭಾಗವನ್ನು ತಲುಪುವ ಮುನ್ನವೇ ಜೀರ್ಣವಾಗುತ್ತದೆ.

ಈ ತೊಡಕಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕೆ.ಎಂ. ಶಂಕರ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲೇ ಜಾಣ ಉತ್ತರ ಕಂಡುಕೊಂಡರು. ಸಿಗಡಿ ಚಿಪ್ಪಿನಲ್ಲಿರುವಂಥ ಕೈಟಿನ್ ಪದಾರ್ಥದ ಚೂರುಗಳ ಮೇಲೆ ಬ್ಯಾಕ್ಟೀರಿಯಾವನ್ನು ಪದರವಾಗಿ ಬೆಳೆಸಿ, ನಿಷ್ಕ್ರಿಯಗೊಳಿಸಿ ಮೇವಿನೊಡನೆ ಉಣಿಸಿದರು. ಪದರದ ಲೋಳೆಹೊದಿಕೆ ಲಸಿಕೆಯನ್ನು ಜೀರ್ಣರಸದಿಂದ ಕಾಪಾಡಿತು. ಬಿಡಿ ಬ್ಯಾಕ್ಟೀರಿಯಾ ಉಂಡ ಮೀನುಗಳಿಗಿಂತ ಇವುಗಳಲ್ಲಿ ಪ್ರತಿಕಾಯ ಹೆಚ್ಚಿತು, ರೋಗಾಣು ಸೋಂಕಿದಾಗ ಉಳಿವೂ ಹೆಚ್ಚಿತು.

ಲಸಿಕೆಯಿಂದ ಏನಾಗಬಹುದು ಎಂಬುದಕ್ಕೆ ನಾರ್ವೆಯ ಉದಾಹರಣೆ ಇದೆ. 1987ರಲ್ಲಿ ಅಲ್ಲಿನ ಮೀನು ಸಾಕಣೆ ಸುಮಾರು 50 ಟನ್ ಆ್ಯಂಟಿಬಯೋಟಿಕ್ ಬಳಸಿತ್ತು. ಲಸಿಕೆ ವ್ಯಾಪಕವಾದ ಮೇಲೆ, ಉತ್ಪಾದನೆ 12 ಲಕ್ಷ ಟನ್ ದಾಟಿದರೂ, ಇತ್ತೀಚಿನ ವರ್ಷಗಳಲ್ಲಿ ಬಳಕೆ ಒಂದು ಟನ್‌ಗೂ ಕಡಿಮೆ. ಬೆಲೆಬಾಳುವ ಸಾಲ್ಮನ್‌ಗೆ ಚುಚ್ಚುಮದ್ದಿನ ಖರ್ಚು ಭಾರವಲ್ಲ. ನಮ್ಮ ಗೆಂಡೆ ಜಾತಿಯ ಮೀನುಗಳಿಗೆ ಉಣಿಸುವ ಲಸಿಕೆಯೇ ಗತಿ. ಅದಿನ್ನೂ ಸಾಮಾನ್ಯ ಸಾಕಣೆದಾರನ ಕೊಳವನ್ನು ತಲುಪಿಲ್ಲ.

ಇದು ಮಾರುಕಟ್ಟೆಗೆ ಬಿಟ್ಟು ಕೂರುವ ವಿಷಯವಲ್ಲ. ಕಾಲುಬಾಯಿ ಜ್ವರದ ವಿರುದ್ಧ ದನಗಳಿಗೆ ಉಚಿತ ಲಸಿಕೆ ನೀಡುವ ಕಾರ್ಯಕ್ರಮವನ್ನು ಕೇಂದ್ರ 2019ರಲ್ಲಿ ಆರಂಭಿಸಿತು. ಅದೇ ತರ್ಕ ಮೀನಿಗೂ ಸಲ್ಲುತ್ತದೆ. ಏರೋಮೊನಾಸ್‌ನಲ್ಲಿ ಹಲವು ತಳಿಗಳಿವೆ. ಪ್ರಯೋಗಾಲಯದ ಫಲ ಕೊಳದಲ್ಲೂ ಸಿಕ್ಕೀತೆಂಬ ಖಾತರಿಯಿಲ್ಲ. ಆದ್ದರಿಂದ ರಾಜ್ಯದ ಮೀನುಗಾರಿಕೆ ಇಲಾಖೆ ಸರ್ಕಾರಿ ಮೀನುಮರಿ ಕೇಂದ್ರಗಳಲ್ಲಿ ತುಸು ಬಲಿತ ಮರಿಗಳಿಗೆ ಲಸಿಕೆ ಉಣಿಸಿ, ಕೊಳಗಳಲ್ಲಿ ಅವುಗಳ ಉಳಿವನ್ನೂ ಔಷಧಿ ಬಳಕೆಯನ್ನೂ ದಾಖಲಿಸಬೇಕು. ಫಲ ಕಂಡರೆ ಸರ್ಕಾರವೇ ಖರೀದಿಯ ಭರವಸೆ ಕೊಡಬೇಕು; ಆಗ ತಯಾರಕರು ಮುಂದೆ ಬಂದಾರು.

ಲಸಿಕೆ ಸರ್ವರೋಗ ಪರಿಹಾರವೆಂದು ಯಾರೂ ಭ್ರಮಿಸಬೇಕಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಆಮ್ಲಜನಕ ಕುಸಿದ ಕೊಳೆನೀರಿನಿಂದ ಯಾವ ಲಸಿಕೆಯೂ ಮೀನನ್ನು ಉಳಿಸದು. ನೀರಿನ ಶುದ್ಧಿ ಮೊದಲು, ಲಸಿಕೆ ಅದರ ಜೊತೆಗೆ, ಆ್ಯಂಟಿಬಯೋಟಿಕ್ ಕಟ್ಟಕಡೆಗೆ: ನಮ್ಮ ನೀತಿಯ ಕ್ರಮ ಹೀಗಿರಬೇಕು.